ಓದದೆ ಉತ್ತರಿಸುವ ವಿದ್ಯೆ: ಚೀನಾದಲ್ಲಿ ಇಂಗ್ಲಿಷಿನ 150 ಅಂಕಗಳ ಜಗಳ

ಜೂನ್ 8, ಮಧ್ಯಾಹ್ನ 3 ಗಂಟೆ. ಚೀನಾದ ಊರೂರುಗಳಲ್ಲಿ ಪರೀಕ್ಷಾ ಕೇಂದ್ರಗಳ ಸುತ್ತ ಹಾರ್ನ್ ಹೊಡೆಯುವಂತಿಲ್ಲ, ಕಟ್ಟಡ ಕೆಲಸದ ಸದ್ದು ಕೇಳಿಸುವಂತಿಲ್ಲ. ಒಳಗೆ ಇಂಗ್ಲಿಷ್ ಪೇಪರ್ ಶುರುವಾಗಿದೆ. ಗಾವೊಕಾವೊ ಎಂಬ ಈ ಕಾಲೇಜು ಪ್ರವೇಶ ಪರೀಕ್ಷೆಗೆ 2024ರಲ್ಲಿ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ ಮಂದಿ. ಒಟ್ಟು 750 ಅಂಕ. ಅದರಲ್ಲಿ ಚೀನೀ ಭಾಷೆಗೆ 150, ಗಣಿತಕ್ಕೆ 150, ಇಂಗ್ಲಿಷಿಗೂ 150. ಅಂದರೆ ಕಮ್ಯುನಿಸ್ಟ್ ಪಕ್ಷ ಆಳುವ, ಮಾತೆತ್ತಿದರೆ ಪಶ್ಚಿಮದ ಪ್ರಭಾವದ ಬಗ್ಗೆ ಎಚ್ಚರಿಸುವ ದೇಶವೊಂದು ತನ್ನ ಮಕ್ಕಳ ಭವಿಷ್ಯದ ಐದನೇ ಒಂದು ಭಾಗವನ್ನು ಇಂಗ್ಲಿಷಿನ ಕೈಗೆ ಕೊಟ್ಟು ಕೂತಿದೆ.

ಇದನ್ನು ಕಡಿಮೆ ಮಾಡಿ ಅನ್ನೋ ಕೂಗು ಹೊಸದೇನಲ್ಲ. 2013ರಲ್ಲಿ ಬೀಜಿಂಗ್ ನಗರಾಡಳಿತ ಇಂಗ್ಲಿಷನ್ನು 150ರಿಂದ 100ಕ್ಕೆ ಇಳಿಸಿ, ಚೀನೀ ಭಾಷೆಯನ್ನು 180ಕ್ಕೆ ಏರಿಸುವ ಕರಡು ಪ್ರಸ್ತಾವ ತಂದಿತ್ತು. ಅದು ಹಾಗೆ ಜಾರಿಯಾಗಲಿಲ್ಲ. 2021ರ ಮಾರ್ಚ್‌ನಲ್ಲಿ, ಸಂಸತ್ತಿನ ಜೊತೆಜೊತೆಗೇ ಸೇರುವ ಸಲಹಾ ಸಭೆಯ ಸದಸ್ಯರೊಬ್ಬರು ಇಂಗ್ಲಿಷಿಗೆ ಮುಖ್ಯ ವಿಷಯದ ಪಟ್ಟವೇ ಬೇಡ ಅಂದರು. ಸೋಷಿಯಲ್ ಮೀಡಿಯಾದಲ್ಲಿ ದೊಡ್ಡ ಗದ್ದಲವಾಯಿತು. ಅದೇ ವರ್ಷ ಶಾಂಘೈ ತನ್ನ ಪ್ರಾಥಮಿಕ ಶಾಲೆಗಳ ಸೆಮಿಸ್ಟರ್ ಕೊನೆಯ ಪರೀಕ್ಷೆಯಿಂದ ಇಂಗ್ಲಿಷನ್ನು ಕೈಬಿಟ್ಟಿತು. 2023ರಲ್ಲಿ ಶಿಯಾನ್ ಜಿಯಾವೊಟಾಂಗ್ ವಿಶ್ವವಿದ್ಯಾಲಯ, ಪದವಿ ಪಡೆಯಲು ಕಾಲೇಜು ಇಂಗ್ಲಿಷ್ ಪರೀಕ್ಷೆ ಪಾಸಾಗಲೇಬೇಕು ಎಂಬ ನಿಯಮ ತೆಗೆದುಹಾಕಿತು. ಪ್ರತಿ ಸಲವೂ ಆನ್‌ಲೈನಿನಲ್ಲಿ ಚಪ್ಪಾಳೆ ಬಿದ್ದಿದೆ.

ಬೇಡ ಅನ್ನುವವರು ಮುಖ್ಯವಾಗಿ ಎರಡು ಕಡೆಯಿಂದ ಬರುತ್ತಾರೆ. ಒಂದು ರಾಷ್ಟ್ರವಾದದ ಕಡೆ, ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಮಗೂ ಗೊತ್ತಿರುವ ರಾಗವೇ. ಇನ್ನೊಂದು ಸಮಾನತೆಯ ಕಡೆ. ಇಂಗ್ಲಿಷ್ ಪಟ್ಟಣದ ಶ್ರೀಮಂತರ ಮಕ್ಕಳ ಆಟ, ಹಳ್ಳಿ ಮಕ್ಕಳನ್ನು ಸೋಸಿ ಹೊರಹಾಕುವ ಜರಡಿ, ಅದನ್ನು ಕಿತ್ತುಹಾಕಿದರೆ ಮೈದಾನ ಸಮತಟ್ಟಾಗುತ್ತೆ ಅನ್ನೋ ವಾದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಪರೀಕ್ಷೆಯ ಒಳಗೆ, ಅದರಲ್ಲೂ ಓದಿ ಅರ್ಥ ಮಾಡಿಕೊಳ್ಳುವ ಭಾಗದ ಒಳಗೆ ಏನು ನಡೀತಿದೆ ಅಂತ ನೋಡಿದರೆ ಈ ವಾದ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಹಲವು ಪ್ರಾಂತ್ಯಗಳಲ್ಲಿ ಬಳಕೆಯಲ್ಲಿರುವ ಹೊಸ ಮಾದರಿಯ ಪತ್ರಿಕೆಯಲ್ಲಿ 150ರಲ್ಲಿ 50 ಅಂಕ ಓದಿಗೆ. ಎ, ಬಿ, ಸಿ, ಡಿ ಅಂತ ನಾಲ್ಕು ಪ್ಯಾಸೇಜ್, 15 ಪ್ರಶ್ನೆ, ಒಂದೊಂದಕ್ಕೆ ಎರಡೂವರೆ ಅಂಕ. ಆಮೇಲೆ ‘ಏಳರಲ್ಲಿ ಐದು’ ಅನ್ನೋ ವಿಚಿತ್ರ ಪ್ರಶ್ನೆ: ಒಂದು ಬರಹದಿಂದ ಐದು ವಾಕ್ಯ ಕಿತ್ತಿರುತ್ತಾರೆ, ಕೆಳಗೆ ಏಳು ವಾಕ್ಯ ಕೊಟ್ಟಿರುತ್ತಾರೆ, ಯಾವುದು ಎಲ್ಲಿ ಕೂರುತ್ತೆ ಹೇಳಬೇಕು. ಇಡೀ ಪೇಪರಿಗೆ ಎರಡು ಗಂಟೆ. ಮೇಷ್ಟ್ರುಗಳು ಹಾಕಿಕೊಡುವ ಲೆಕ್ಕದಲ್ಲಿ ಒಂದು ಪ್ಯಾಸೇಜಿಗೆ ಸಿಗೋದು ಏಳೆಂಟು ನಿಮಿಷ.

ಪ್ಯಾಸೇಜ್‌ಗಳು ನಿಜಕ್ಕೂ ಚೆನ್ನಾಗಿರುತ್ತವೆ, ಅದನ್ನು ಒಪ್ಪಬೇಕು. ಬ್ರಿಟನ್, ಅಮೆರಿಕದ ಪತ್ರಿಕೆ, ಪುಸ್ತಕಗಳಿಂದ ತೆಗೆದು, ಕಷ್ಟದ ಪದ ತಿದ್ದಿ, ಮುನ್ನೂರು ಪದದ ಆಸುಪಾಸಿಗೆ ಕತ್ತರಿಸಿ ಕೊಡುತ್ತಾರೆ. 2023ರ ಒಂದು ಪತ್ರಿಕೆಯಲ್ಲಿ ಫೋನ್ ಬಳಕೆಗೆ ಕಡಿವಾಣ ಹಾಕುವ ಡಿಜಿಟಲ್ ಮಿನಿಮಲಿಸಂ ಪುಸ್ತಕದ ಪರಿಚಯವಿತ್ತು. ಗುಂಪಿನ ಸರಾಸರಿ ಊಹೆ ಒಬ್ಬೊಬ್ಬರ ಊಹೆಗಿಂತ ಯಾಕೆ ಸರಿಯಾಗಿರುತ್ತೆ ಅನ್ನೋ ಸಂಶೋಧನೆಯ ಬರಹವೂ ಇತ್ತು. 2024ರಲ್ಲಿ ಬಂದದ್ದು ಇನ್ನೂ ಮಜಾ. ಕಾಗದದ ಮೇಲೆ ಓದುವುದಕ್ಕೂ ಸ್ಕ್ರೀನ್ ಮೇಲೆ ಓದುವುದಕ್ಕೂ ಗ್ರಹಿಕೆಯಲ್ಲಿ ವ್ಯತ್ಯಾಸವಿದೆಯಾ ಅನ್ನೋ ಪ್ಯಾಸೇಜ್. ಸ್ಕ್ರೀನ್ ಮೇಲಿನ ಬರಹವನ್ನು ನಾವು ಸೋಷಿಯಲ್ ಮೀಡಿಯಾ ನೋಡುವ ಮನಸ್ಸಿನಿಂದಲೇ ಮೇಲೆ ಮೇಲೆ ನೋಡಿಬಿಡುತ್ತೇವೆ, ಹೆಚ್ಚು ಶ್ರಮ ಹಾಕುವುದಿಲ್ಲ ಅನ್ನುವ ವಿಚಾರ ಅದರಲ್ಲಿತ್ತು. ಆಳವಾಗಿ ಓದುವುದರ ಬಗೆಗಿನ ಈ ಪಾಠವನ್ನು ಲಕ್ಷಾಂತರ ಮಕ್ಕಳು ಏಳೆಂಟು ನಿಮಿಷದಲ್ಲಿ, ಕಾಗದದ ಮೇಲೆಯೇ, ಮೇಲೆ ಮೇಲೆ ನೋಡಿ ಮುಗಿಸಿದರು.

ಯಾಕಂದರೆ ಮೂರು ವರ್ಷ ಅವರು ಅಭ್ಯಾಸ ಮಾಡಿದ್ದೇ ಅದನ್ನು. ಹೈಸ್ಕೂಲಿನ ಕೊನೆಯ ವರ್ಷವಂತೂ ಬರೀ ಹಳೇ ಪೇಪರ್ ಬಿಡಿಸುವ ವರ್ಷ. ‘ಐದು ವರ್ಷದ ಗಾವೊಕಾವೊ, ಮೂರು ವರ್ಷದ ಮಾದರಿ’ ಎಂಬ ಹೆಸರಿನ ದಪ್ಪ ಅಭ್ಯಾಸ ಪುಸ್ತಕವನ್ನು ಚೀನಾದಲ್ಲಿ ‘ಐದು-ಮೂರು’ ಅಂದರೆ ಸಾಕು, ಎಲ್ಲರಿಗೂ ಗೊತ್ತು. ಅದರ ಮೇಲೆ ಜೋಕುಗಳೇ ಬೇಕಾದಷ್ಟಿವೆ. ಹುಟ್ಟುಹಬ್ಬಕ್ಕೆ ಗಿಫ್ಟ್ ಕೊಟ್ಟು ಗೋಳು ಹೊಯ್ದುಕೊಳ್ಳೋದಕ್ಕೂ ಅದೇ.

ಓದಿನ ಭಾಗಕ್ಕೆ ಕಲಿಸುವ ತಂತ್ರಗಳು ಹೀಗಿವೆ. ಮೊದಲು ಪ್ರಶ್ನೆ ಓದು, ಆಮೇಲೆ ಪ್ಯಾಸೇಜ್. ಪ್ರಶ್ನೆಯಲ್ಲಿರುವ ಹೆಸರು, ಇಸವಿ, ಅಂಕಿ ಹಿಡಿದು ಪ್ಯಾಸೇಜಿನಲ್ಲಿ ಆ ಜಾಗ ಹುಡುಕು. ಸಿಕ್ಕ ವಾಕ್ಯದ ಪದಗಳೇ ಯಾವ ಆಯ್ಕೆಯಲ್ಲಿ ಹಾಗೇ ಬಂದಿವೆಯೋ ಅದನ್ನು ಅನುಮಾನಿಸು. ಅದೇ ಅರ್ಥ ಬೇರೆ ಪದಗಳಲ್ಲಿ ಎಲ್ಲಿದೆಯೋ ಅದು ಸರಿ. ಪ್ಯಾಸೇಜಿನಲ್ಲಿ ‘ಬಡವರ ಕೈಗೂ ಎಟಕುವ ಬೆಲೆ’ ಅಂತಿದ್ದರೆ ಸರಿಯುತ್ತರದಲ್ಲಿ ‘ದುಬಾರಿಯಲ್ಲ’ ಅಂತಿರುತ್ತೆ. ‘ಎಲ್ಲರೂ’, ‘ಎಂದಿಗೂ’ ಇರುವ ಆಯ್ಕೆ ಬಹುಪಾಲು ತಪ್ಪು. ‘ಆದರೆ’ ಎಂಬ ಪದ ಕಂಡರೆ ಕೆಳಗೆ ಗೆರೆ ಎಳೆ, ಪ್ರಶ್ನೆ ಅದರ ಹಿಂದೆಯೇ ಕೂತಿರುತ್ತೆ. ಏನೂ ತೋಚದಿದ್ದರೆ ವಿದ್ಯಾರ್ಥಿಗಳ ನಡುವೆಯೇ ಓಡಾಡುವ ಹಾಸ್ಯದ ಸೂತ್ರವಿದೆ: ಮೂರು ಉದ್ದ ಒಂದು ಗಿಡ್ಡ ಇದ್ದರೆ ಗಿಡ್ಡದ್ದು, ಮೂರು ಗಿಡ್ಡ ಒಂದು ಉದ್ದ ಇದ್ದರೆ ಉದ್ದದ್ದು.

ಹಳೇ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಇಟ್ಟುಕೊಂಡು ಸೆಮಿಸ್ಟರ್ ದಾಟುವುದನ್ನು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ನೋಡಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಪರೀಕ್ಷೆ ಎಂಬುದು ಒಂದು ಸಿಸ್ಟಂ, ಒಳಗೆ ಏನು ಹಾಕಿದರೆ ಹೊರಗೆ ಏನು ಬರುತ್ತೆ ಅಂತ ಗೊತ್ತಾದ ಮೇಲೆ ಮಧ್ಯದ ಪೆಟ್ಟಿಗೆಯಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಆ ಮಧ್ಯದ ಪೆಟ್ಟಿಗೆಯೇ ಓದು.

ಆದರೂ ಈ ತಂತ್ರಗಳನ್ನು ಬರೀ ಮೋಸ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣ ಭಾಷೆಯಲ್ಲೇ ಇದೆ, ಮತ್ತು ಅದು ಕನ್ನಡದವರಿಗೆ ಬೇಗ ಅರ್ಥವಾಗುವಂಥದ್ದು. ‘ನಿನ್ನೆ ಬಂದ ಹುಡುಗ’ ಅನ್ನುತ್ತೇವೆ ನಾವು. ವಿವರಣೆ ಮೊದಲು, ಹುಡುಗ ಕೊನೆಗೆ. ಚೀನೀ ಭಾಷೆಯಲ್ಲೂ ಅದೇ ಕ್ರಮ: ನಿನ್ನೆ, ಬಾ, ‘ದ’ ಎಂಬ ಒಂದು ಪುಟ್ಟ ಕೊಂಡಿ, ಆಮೇಲೆ ಹುಡುಗ. ಇಂಗ್ಲಿಷಿನಲ್ಲಿ ಹುಡುಗ ಮೊದಲೇ ಬಂದು ನಿಲ್ಲುತ್ತಾನೆ, ಅವನ ಹಿಂದೆ ‘ಹೂ’ ಅಂತ ಶುರುವಾಗಿ ವಿವರಣೆಯ ರೈಲು ಬೋಗಿಗಳು ಬರುತ್ತಾ ಹೋಗುತ್ತವೆ. ವಾಕ್ಯ ಉದ್ದವಾದಷ್ಟೂ ಕ್ರಿಯಾಪದ ಯಾವ ಬೋಗಿಯಲ್ಲಿದೆ ಅಂತ ಹುಡುಕುವುದೇ ಕೆಲಸ. ಜೊತೆಗೆ ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ಎ’, ‘ದಿ’ಗಳಂಥವು ಇಲ್ಲ. ನಮ್ಮ ವಿಭಕ್ತಿ ಪ್ರತ್ಯಯಗಳಂಥವೂ ಇಲ್ಲ. ‘ಉದ್ದ-ಕಷ್ಟದ ವಾಕ್ಯ’ ಅನ್ನೋದು ಅಲ್ಲಿನ ಕೋಚಿಂಗ್‌ನಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಆಗಿಬಿಟ್ಟಿದೆ. ಒಂದು ವಾಕ್ಯ ತೆಗೆದುಕೊಂಡು, ಬ್ರಾಕೆಟ್ ಹಾಕಿ, ಬೋಗಿಗಳನ್ನು ಬಿಡಿಸಿ, ಇಂಜಿನ್ ಯಾವುದು ಅಂತ ಗುರುತಿಸುವುದನ್ನು ಕಲಿಸುತ್ತಾರೆ. ಇದು ನಿಜವಾದ ಓದಿನ ತರಬೇತಿ. ಇಂಗ್ಲಿಷ್ ಮಾತಾಡುವವರು ಮನೆಯಲ್ಲಿಲ್ಲದ, ಸುತ್ತ ಎಲ್ಲೂ ಇಂಗ್ಲಿಷ್ ಕಿವಿಗೆ ಬೀಳದ ಹುಡುಗಿಯೊಬ್ಬಳು ಇಂಗ್ಲಿಷ್ ವಾಕ್ಯವನ್ನು ಒಳಹೊಕ್ಕು ನೋಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಹೈಸ್ಕೂಲ್ ಪಠ್ಯಕ್ರಮ ಈ ಪರೀಕ್ಷೆಗೆ ಕೇಳುವುದು ಸುಮಾರು 3,000 ಪದ. ಬರೆದು ಬರೆದು, ಬಾಯಿಪಾಠ ಮಾಡಿ ತುಂಬಿಕೊಳ್ಳಬಹುದಾದಷ್ಟು.

ಹೆಬೈ ಪ್ರಾಂತ್ಯದ ಹೆಂಗ್‌ಶುಯಿ ಹೈಸ್ಕೂಲನ್ನೇ ನೋಡಿ. ಮಿಲಿಟರಿ ಶಿಸ್ತಿಗೆ, ಬೆಳಗಿನ ಓಟಕ್ಕೆ ಸಾಲಾಗಿ ನಿಂತಾಗಲೂ ಕೈಯಲ್ಲಿ ಪುಸ್ತಕ ಹಿಡಿದು ಗಟ್ಟಿಯಾಗಿ ಓದುವ ಮಕ್ಕಳಿಗೆ ಹೆಸರಾದ ಶಾಲೆ. ಅಲ್ಲಿಂದ ‘ಹೆಂಗ್‌ಶುಯಿ ಅಕ್ಷರ’ ಅಂತ ಇಂಗ್ಲಿಷ್ ಕೈಬರಹದ ಒಂದು ಶೈಲಿಯೇ ಹುಟ್ಟಿಕೊಂಡು ದೇಶವೆಲ್ಲ ಹಬ್ಬಿದೆ. ಗುಂಡಗೆ, ಪ್ರಿಂಟ್ ಹಾಕಿದಂತೆ, ಒಂದಕ್ಷರಕ್ಕೂ ಇನ್ನೊಂದಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲದಂತೆ. ಉತ್ತರಪತ್ರಿಕೆ ಸ್ಕ್ಯಾನ್ ಆಗಿ ಮೌಲ್ಯಮಾಪಕರ ಕಂಪ್ಯೂಟರಿನಲ್ಲಿ ಕಾಣುತ್ತೆ, ಅಲ್ಲಿ ಚಂದ ಕಂಡರೆ ಅಂಕ ಬರುತ್ತೆ ಅನ್ನೋ ನಂಬಿಕೆ. ಪಟ್ಟಣದ ಇಂಗ್ಲಿಷ್ ಬಲ್ಲವರು ಇದನ್ನು ನೋಡಿ ನಗುತ್ತಾರೆ. ಯಂತ್ರ ಮಾಡಿಬಿಟ್ಟಿದ್ದಾರೆ ಮಕ್ಕಳನ್ನು ಅಂತ. ನಗುವವರ ಮಕ್ಕಳು ಎಲ್ಲಿ ಓದುತ್ತಾರೆ ಅಂತಲೂ ಕೇಳಬೇಕಲ್ವಾ?

ಇಲ್ಲಿಗೆ ಯು ಮಿನ್‌ಹಾಂಗ್ ಕಥೆ ಬರುತ್ತೆ. ಜಿಯಾಂಗ್ಸು ಪ್ರಾಂತ್ಯದ ಹಳ್ಳಿ ಹುಡುಗ. 1977ರಲ್ಲಿ, ಸಾಂಸ್ಕೃತಿಕ ಕ್ರಾಂತಿ ಮುಗಿದ ಮೇಲೆ ಗಾವೊಕಾವೊ ಮತ್ತೆ ಶುರುವಾಗಿತ್ತು. ಈತ ಎರಡು ಸಲ ಫೇಲಾದ. ಇಂಗ್ಲಿಷೇ ದೊಡ್ಡ ತೊಡಕು. ಮೂರನೇ ಸಲ, 1980ರಲ್ಲಿ, ಪೀಕಿಂಗ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗಕ್ಕೇ ಸೀಟು. 1993ರಲ್ಲಿ ‘ನ್ಯೂ ಓರಿಯಂಟಲ್’ ಕೋಚಿಂಗ್ ಕಂಪನಿ ಕಟ್ಟಿದ, ಅದು ನ್ಯೂಯಾರ್ಕ್ ಷೇರುಪೇಟೆಯವರೆಗೆ ಹೋಯಿತು. ತನ್ನನ್ನು ಎರಡು ಸಲ ತಡೆದ ಬಾಗಿಲಿಗೆ ಕೀಲಿಕೈ ಮಾಡಿ ಮಾರಿದ ಮನುಷ್ಯ ಅಂತ ಬೇಕಾದರೆ ಕರೆಯಿರಿ. ಆ ಕೀಲಿಕೈಗೆ ದುಡ್ಡು ಬೇಕಾಗಿತ್ತು ಅನ್ನೋದೂ ನಿಜ.

2021ರ ಜುಲೈ 24ರಂದು ಸರ್ಕಾರ ‘ಜೋಡಿ ಇಳಿಕೆ’ ನೀತಿ ಪ್ರಕಟಿಸಿತು. ಹೋಂವರ್ಕ್ ಭಾರ ಇಳಿಸಬೇಕು, ಟ್ಯೂಷನ್ ಭಾರ ಇಳಿಸಬೇಕು. ಒಂದರಿಂದ ಒಂಬತ್ತನೇ ತರಗತಿಯವರೆಗೆ ಶಾಲಾ ವಿಷಯಗಳ ಟ್ಯೂಷನ್‌ನಿಂದ ಲಾಭ ಮಾಡುವಂತಿಲ್ಲ, ವಾರಾಂತ್ಯ, ರಜೆಯಲ್ಲಿ ಪಾಠ ಮಾಡುವಂತಿಲ್ಲ, ವಿದೇಶದಲ್ಲಿ ಕೂತಿರುವ ವಿದೇಶಿ ಮೇಷ್ಟ್ರಿಂದ ಆನ್‌ಲೈನ್ ಪಾಠ ಹೇಳಿಸುವಂತಿಲ್ಲ. ನ್ಯೂ ಓರಿಯಂಟಲ್ ಆ ವರ್ಷ 60,000 ಮಂದಿಯನ್ನು ಕೆಲಸದಿಂದ ತೆಗೆಯಿತು ಅಂತ ಯು ಮಿನ್‌ಹಾಂಗ್ ಸ್ವತಃ ಹೇಳಿಕೊಂಡರು. ಕಂಪನಿ ಬದುಕಲು ಹಿಡಿದ ದಾರಿ ಲೈವ್‌ಸ್ಟ್ರೀಮ್ ಅಂಗಡಿ. 2022ರ ಜೂನ್‌ನಲ್ಲಿ ಡಾಂಗ್ ಯುಹುಯಿ ಎಂಬ ಅವರ ಇಂಗ್ಲಿಷ್ ಮೇಷ್ಟ್ರು ಅಕ್ಕಿ, ಗೋಮಾಂಸದ ಸ್ಟೇಕ್ ಮಾರುತ್ತಾ, ಪಕ್ಕದ ಬಿಳಿಹಲಗೆಯ ಮೇಲೆ ಆ ಪದಾರ್ಥಗಳ ಇಂಗ್ಲಿಷ್ ಪದ ಬರೆದು ಪಾಠ ಮಾಡಿದಾಗ ಇಡೀ ದೇಶವೇ ಕೂತು ನೋಡಿತು.

ಟ್ಯೂಷನ್ ಮೇಲೆ ಕಡಿವಾಣ ಬಿದ್ದಾಗ ಯಾರು ಏನು ಕಳೆದುಕೊಂಡರು? ಉತ್ತರ ಎರಡೇ ತಿಂಗಳಲ್ಲಿ ಸರ್ಕಾರದ ಕಾಗದದಲ್ಲೇ ಸಿಕ್ಕಿತು. 2021ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಸಚಿವಾಲಯ ಇನ್ನೊಂದು ಸುತ್ತೋಲೆ ಹೊರಡಿಸಿ, ವೇಷ ಮರೆಸಿಕೊಂಡ ಟ್ಯೂಷನ್‌ಗಳನ್ನು ಹೆಸರಿಸಿ ನಿಷೇಧಿಸಬೇಕಾಯಿತು. ಮನೆಯಲ್ಲೇ ಉಳಿಯುವ ಮೇಷ್ಟ್ರು, ‘ದುಬಾರಿ ಮನೆಗೆಲಸದವರು’, ಹಲವು ಪೋಷಕರು ದುಡ್ಡು ಸೇರಿಸಿ ಇಟ್ಟುಕೊಳ್ಳುವ ಖಾಸಗಿ ಶಿಕ್ಷಕರು. ಮನೆಗೆಲಸದವರ ಹೆಸರಿನಲ್ಲಿ ಟ್ಯೂಷನ್ ಮೇಷ್ಟ್ರನ್ನು ಇಟ್ಟುಕೊಳ್ಳುವುದು ಯಾರ ಕೈಲಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಸಾಧಾರಣ ಮನೆಯ ಮಗುವಿಗೆ ಸಿಗುತ್ತಿದ್ದ ತುಂಬಿದ ಕ್ಲಾಸಿನ ಅಗ್ಗದ ಕೋಚಿಂಗ್ ಹೋಯಿತು. ಶ್ರೀಮಂತರ ಮನೆಯ ಕೋಚಿಂಗ್ ಇನ್ನಷ್ಟು ಒಳಕೋಣೆಗೆ ಸರಿಯಿತು, ಇನ್ನಷ್ಟು ದುಬಾರಿಯಾಯಿತು.

ಗಾವೊಕಾವೊದಲ್ಲಿ ಇಂಗ್ಲಿಷ್ ಅಂಕ ಇಳಿಸಿದರೂ ಆಗುವುದು ಇದೇ. ಶಾಂಘೈನ ವೈದ್ಯ ದಂಪತಿ ತಮ್ಮ ಮಗಳಿಗೆ ಇಂಗ್ಲಿಷ್ ಕಲಿಸುವುದನ್ನು ಸರ್ಕಾರ ಹೇಳಿತು ಅಂತ ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಗಾನ್ಸು ಪ್ರಾಂತ್ಯದ ಬೆಟ್ಟದ ಮೇಲಿನ ಶಾಲೆ. 2001ರಲ್ಲಿ ಮೂರನೇ ತರಗತಿಯಿಂದ ಇಂಗ್ಲಿಷ್ ಅಂತ ಕೇಂದ್ರ ನೀತಿ ಮಾಡಿದ ಮೇಲೂ ಎಷ್ಟೋ ಹಳ್ಳಿಗಳಲ್ಲಿ ಕಲಿಸುವವರಿರಲಿಲ್ಲ. ದೊಡ್ಡ ನಗರಗಳಲ್ಲಿ ಒಂದನೇ ತರಗತಿಯಿಂದಲೇ ಶುರುವಾಗಿತ್ತು. ಈ ಅಂತರದ ನಡುವೆಯೂ ಆ ಹಳ್ಳಿ ಶಾಲೆಗೆ ಒಬ್ಬ ಇಂಗ್ಲಿಷ್ ಮೇಷ್ಟ್ರು ಬೇಕೇಬೇಕು ಅಂತ ಜಿಲ್ಲಾ ಅಧಿಕಾರಿ ಒಪ್ಪುವುದು ಆ 150 ಅಂಕದ ಭಯಕ್ಕೆ. 150 ಹೋಗಿ 50 ಆದರೆ ಮೊದಲು ಖಾಲಿ ಬೀಳುವ ಹುದ್ದೆ ಅದೇ.

ಆ ಅಂಕಗಳಿಗೆ ಜನ ಎಷ್ಟು ಬೆಲೆ ಕೊಡುತ್ತಾರೆ ಅನ್ನೋದು ಝೆಜಿಯಾಂಗ್ ಪ್ರಾಂತ್ಯಕ್ಕೆ 2018ರಲ್ಲಿ ಗೊತ್ತಾಯಿತು. ಆ ನವೆಂಬರಿನ ಇಂಗ್ಲಿಷ್ ಪತ್ರಿಕೆ ಕಷ್ಟವಿತ್ತು ಅಂತ ಅಧಿಕಾರಿಗಳು ಓದು ಮತ್ತು ಬರವಣಿಗೆ ಭಾಗದ ಕೆಲವು ಪ್ರಶ್ನೆಗಳಿಗೆ ಯಾರಿಗೂ ಹೇಳದೆ ತೂಕ ಬದಲಿಸಿ ಅಂಕ ಕೊಟ್ಟರು. ಫಲಿತಾಂಶ ನೋಡಿ ಪೋಷಕರು ಸಿಡಿದೆದ್ದರು. ತನಿಖೆ ನಡೆಯಿತು, ಡಿಸೆಂಬರ್ 5ಕ್ಕೆ ಸರ್ಕಾರ ಹೊಸ ಅಂಕ ರದ್ದು ಮಾಡಿ ಹಳೆಯದಕ್ಕೇ ಮರಳಿತು, ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರ ಕುರ್ಚಿ ಹೋಯಿತು. ಪ್ರತಿಭಟನೆಗೆ ಹೆಚ್ಚು ಜಾಗವಿಲ್ಲದ ದೇಶದಲ್ಲಿ ಎರಡೇ ವಾರದಲ್ಲಿ ಇಷ್ಟಾಗಿದೆ. ಆ ಪೋಷಕರು ಇಂಗ್ಲಿಷಿನ ಮೋಹಕ್ಕೆ ಬೀದಿಗಿಳಿದವರಲ್ಲ. ಅಲ್ಲಿನ ಸಾಮಾನ್ಯ ಮನುಷ್ಯನಿಗೆ ವಶೀಲಿ ಇಲ್ಲದೆ ಮೇಲೆ ಹೋಗಲು ಇರುವ ಏಣಿ ಈ ಪರೀಕ್ಷೆ, ಅದರ ಮೆಟ್ಟಿಲನ್ನು ರಾತ್ರೋರಾತ್ರಿ ಅಲುಗಾಡಿಸಿದರೆ ಸುಮ್ಮನಿರುವುದಿಲ್ಲ.

ಮೆಟ್ಟಿಲಿಗೆ ಇನ್ನೊಂದು ಸುತ್ತುದಾರಿಯೂ ಇದೆ. ವಿದೇಶಿ ಭಾಷೆಯ ಜಾಗದಲ್ಲಿ ಇಂಗ್ಲಿಷೇ ಬರೆಯಬೇಕು ಅಂತಿಲ್ಲ. ಜಪಾನಿ, ರಷ್ಯನ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಕೂಡ ನಡೆಯುತ್ತೆ. ಇಂಗ್ಲಿಷಿನಲ್ಲಿ ಹಿಂದುಳಿದವರು ಹೈಸ್ಕೂಲಿಗೆ ಬಂದ ಮೇಲೆ ಜಪಾನಿಗೆ ಹಾರುವುದು ಈಚೆಗೆ ಜೋರಾಗಿದೆ. ಲಿಪಿಯಲ್ಲಿ ಚೀನೀ ಅಕ್ಷರಗಳೇ ಇವೆ, ಸೊನ್ನೆಯಿಂದ ಶುರುಮಾಡಿದರೂ ಅಂಕ ಬೇಗ ಏರುತ್ತೆ ಅನ್ನೋ ಲೆಕ್ಕ.

ನಮ್ಮ ಕರ್ನಾಟಕದ ಜಗಳವನ್ನು ಇದರ ಪಕ್ಕ ಇಟ್ಟು ನೋಡುವಾಗ ಒಂದು ದೊಡ್ಡ ವ್ಯತ್ಯಾಸ ಮರೆಯಬಾರದು. ಚೀನಾದ ಹುಡುಗಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಲ್ಲವನ್ನೂ ಚೀನೀ ಭಾಷೆಯಲ್ಲೇ ಓದುತ್ತಾಳೆ, ಇಂಜಿನಿಯರಿಂಗ್ ಕಾಲೇಜಿನಲ್ಲೂ ಹಾಗೇ. ಇಂಗ್ಲಿಷಿನಲ್ಲಿ ಎಡವಿದರೆ ಅವಳಿಗೆ ಇಂಗ್ಲಿಷಿನ ಅಂಕ ಹೋಗುತ್ತೆ, ಅಷ್ಟೇ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್ ಸೇರುವ ಸಿಂಧನೂರಿನ ಹುಡುಗಿಗೆ ಇಂಗ್ಲಿಷ್ ಒಂದು ಪೇಪರ್ ಆಗಿ ಉಳಿಯುವುದಿಲ್ಲ. ಎಲ್ಲ ಪೇಪರಿನ ಭಾಷೆಯೂ ರಾತ್ರಿ ಬೆಳಗಾಗುವುದರೊಳಗೆ ಅದೇ ಆಗಿಬಿಡುತ್ತೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮ ಕಡ್ಡಾಯ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಹೇಳಿದ ಮೇಲೆ ನಾವು ಮಾಧ್ಯಮ ಯಾವುದು ಅನ್ನೋ ಜಗಳದಲ್ಲೇ ಇದ್ದೇವೆ. ಕನ್ನಡದಲ್ಲಿ ಕಲಿಯುವ ಮಗುವಿಗೆ ಇಂಗ್ಲಿಷ್ ವಾಕ್ಯ ಬಿಡಿಸಿ ಓದುವುದನ್ನು ಯಾರು, ಯಾವಾಗ, ಹೇಗೆ ಕಲಿಸಬೇಕು ಅನ್ನೋ ಚರ್ಚೆ ನಮ್ಮಲ್ಲಿ ಆಗಿರುವುದು ಬಹಳ ಕಡಿಮೆ. ಆ ಕೆಲಸದಲ್ಲಿ ಚೀನಾದ ಹೈಸ್ಕೂಲ್ ಮೇಷ್ಟ್ರುಗಳಿಂದ ಕಲಿಯುವುದಿದೆ, ಗಿಡ್ಡ ಉತ್ತರ ಉದ್ದ ಉತ್ತರದ ಸೂತ್ರವೊಂದನ್ನು ಬಿಟ್ಟು.

ಚೀನಾದಲ್ಲಿ ಈಗ ಬೇಡ ಅನ್ನುವವರ ಕೈಗೆ ಹೊಸ ವಾದ ಸಿಕ್ಕಿದೆ: ಎಐ ಇದೆಯಲ್ಲ, ಫೋನ್ ಹಿಡಿದರೆ ಭಾಷಾಂತರವಾಗುತ್ತೆ, ಇಷ್ಟು ವರ್ಷ ಯಾಕೆ ಸವೆಸಬೇಕು? 2025ರ ಜೂನ್‌ನಲ್ಲಿ ಗಾವೊಕಾವೊ ನಡೆಯುವಾಗ ಅಲ್ಲಿನ ದೊಡ್ಡ ಎಐ ಆ್ಯಪ್‌ಗಳೇ, ಪ್ರಶ್ನೆಪತ್ರಿಕೆಯ ಫೋಟೊ ಹಾಕಿ ಉತ್ತರ ಕೇಳುವ ಸೌಲಭ್ಯವನ್ನು ಪರೀಕ್ಷೆಯ ಹೊತ್ತಿನಲ್ಲಿ ಬಂದ್ ಮಾಡಿದ್ದವು. ಪರೀಕ್ಷೆ ಮುಗಿದ ಮೇಲೆ ಆ ಸೌಲಭ್ಯ ವಾಪಸ್ ಬಂತು. ಬಾರದೇ ಇರುವುದು ಬೇರೆಯದು. ಪ್ಯಾಸೇಜ್‌ಗಳು ಬರುವುದೇ ಪಶ್ಚಿಮದ ಪತ್ರಿಕೆ, ಪುಸ್ತಕಗಳ ಲೋಕದಿಂದ ಅಂದೆನಲ್ಲ. ಆ ಲೋಕದ ದೊಡ್ಡ ಬಾಗಿಲುಗಳು ಅಲ್ಲಿ ಮುಚ್ಚಿವೆ. ನ್ಯೂಯಾರ್ಕ್ ಟೈಮ್ಸ್ 2012ರಿಂದ, ವಿಕಿಪೀಡಿಯ ಎಲ್ಲ ಭಾಷೆಗಳಲ್ಲೂ 2019ರಿಂದ ಬ್ಲಾಕ್ ಆಗಿವೆ. ಬಿಬಿಸಿ ವೆಬ್‌ಸೈಟೂ ತೆರೆಯುವುದಿಲ್ಲ. ಉದ್ದದ ವಾಕ್ಯ ಬಿಡಿಸಲು ಮೂರು ವರ್ಷ ಪಳಗಿದ ಹುಡುಗಿ, ಪರೀಕ್ಷೆ ಮುಗಿದ ಸಂಜೆ ತಾನು ಓದಿದ ಆ ತುಣುಕಿನ ಪೂರ್ತಿ ಬರಹ ಹುಡುಕಿ ಓದೋಣ ಅಂದರೆ ಹಲವು ಸಲ ವಿಪಿಎನ್ ಬೇಕು.

ನನ್ನ ಓದಿನಲ್ಲಿ, ಅಂಕ ಇಳಿಸಿ ಅನ್ನುವವರ ಮಾತಿನಲ್ಲಿ ಇದರ ಪ್ರಸ್ತಾಪ ಅಪರೂಪ. ತಂತ್ರ ಕಲಿಸಿ ಓದಿಗೆ ಜಾಗ ಕೊಡದ ವ್ಯವಸ್ಥೆಯನ್ನು ಟೀಕಿಸುವುದು ಸರಿ. ಹಾಗಿದ್ದರೆ ಕೇಳಬೇಕಾದದ್ದು ಹಳ್ಳಿ ಹೈಸ್ಕೂಲಿನ ಲೈಬ್ರರಿಗೆ ನೂರು ಸರಳ ಇಂಗ್ಲಿಷ್ ಪುಸ್ತಕ, ಮುನ್ನೂರು ಪದದ ತುಣುಕಿನ ಬದಲು ಒಂದಿಡೀ ಪುಸ್ತಕ ಓದಿಸುವ ಸಮಯ, ಮೂರನೇ ತರಗತಿಯಿಂದ ಬಿಡದೆ ಇರುವ ಒಬ್ಬ ಮೇಷ್ಟ್ರು. ಪಟ್ಟಣದ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಇವೆಲ್ಲ ಈಗಾಗಲೇ ಇವೆ, ಅಲ್ಲಿ ಓದುವ ಬಹಳಷ್ಟು ಮಕ್ಕಳು ಗಾವೊಕಾವೊ ಬರೆಯುವುದೂ ಇಲ್ಲ. ಮುಂದಿನ ಮಾರ್ಚ್‌ನಲ್ಲಿ ಬೀಜಿಂಗಿನಲ್ಲಿ ವಾರ್ಷಿಕ ಸಭೆಗಳು ಕೂತಾಗ ಯಾರಾದರೂ ಎದ್ದು ಇಂಗ್ಲಿಷ್ ಅಂಕ ಇಳಿಸಿ ಅಂದರೆ, ಅವರ ಪ್ರಸ್ತಾವದಲ್ಲಿ ಈ ಮೂರರಲ್ಲಿ ಒಂದಾದರೂ ಇದೆಯಾ ಅಂತ ನಾನು ಮೊದಲು ಹುಡುಕುತ್ತೇನೆ.